ಗೃಹಾವರಣದ ಪ್ರೌಢವೃಕ್ಷಗಳ ಪಾಲನೆ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು

ವಾಸದ ಮನೆಗಳ ಅಂಗಳದಲ್ಲಿಯೂ ಹಿತ್ತಿಲಿನಲ್ಲಿಯೂ ಬೆಳೆದು ಪೂರ್ಣಪ್ರಮಾಣವನ್ನು ಮುಟ್ಟಿದ ಮರಗಳನ್ನು, ಅವುಗಳ ಆರೋಗ್ಯವೂ ಅವುಗಳ ನೆರಳಿನಲ್ಲಿ ಬಾಳುವವರ ಕ್ಷೇಮವೂ ಒಂದಕ್ಕೊಂದು ಬಾಧಕವಾಗದಂತೆ, ಶಾಸ್ತ್ರಜ್ಞಾನ ಹಸ್ತಕೌಶಲಗಳೆರಡನ್ನೂ ಬಲ್ಲವರು ಪರೀಕ್ಷಿಸಿ, ಸವರಿ, ಪೋಷಿಸಿ ಕಾಪಾಡುವ ವೃತ್ತಿಯೇ ವೃಕ್ಷಪಾಲನೆ. ತೋಟಗಾರನು ಫಲವನ್ನೂ ಅರಣ್ಯಾಧಿಕಾರಿಯು ಮರಮುಟ್ಟನ್ನೂ ಮುಖ್ಯವಾಗಿ ಎಣಿಸಿದರೆ, ವೃಕ್ಷಪಾಲಕನು ಒಂದೊಂದು ಮರವನ್ನೂ ಪ್ರತ್ಯೇಕವಾಗಿ ನೋಡಿ, ಅದರ ವಯಸ್ಸು, ಜಾತಿ, ನಿಂತ ನೆಲ, ಹಿಂದೆ ತಿಂದ ಪೆಟ್ಟುಗಳು ಇವೆಲ್ಲವನ್ನೂ ವಿಚಾರಿಸಿದ ಬಳಿಕವೇ ಗರಗಸವನ್ನು ಕೈಗೆತ್ತಿಕೊಳ್ಳತಕ್ಕವನು. ಕರ್ನಾಟಕದ ಮಹಾನಗರಗಳಲ್ಲಿ ಈ ವೃತ್ತಿಯು ಈಚೆಗೆ ತಲೆದೋರಿದೆ. ಕಲಬುರಗಿ ಜಿಲ್ಲೆಯ ಸಣ್ಣ ಪಟ್ಟಣಗಳಲ್ಲಿ ಮರ ಕಡಿಯುವವರು ಉಂಟು, ಮರ ಏರಬಲ್ಲವರೂ ಉಂಟು, ಆದರೆ ಮರವನ್ನು ಉಳಿಸುವುದಕ್ಕಾಗಿಯೇ ಏರುವ ಕಸುಬು ಇನ್ನೂ ನೆಲೆಗೊಳ್ಳಬೇಕಾಗಿದೆ.

ಜಿಲ್ಲೆಯ ವಾಯವ್ಯದಲ್ಲಿ ಆಳಂದ, ಪಶ್ಚಿಮದಲ್ಲಿ ಅಫಜಲಪುರ, ದಕ್ಷಿಣದಲ್ಲಿ ಜೇವರ್ಗಿ. ಈ ಮೂರು ತಾಲ್ಲೂಕುಗಳ ಬಹುಭಾಗವು ದಖನ್ನಿನ ಪ್ರಾಚೀನ ಜ್ವಾಲಾಮುಖಿಯ ಕರಿಕಲ್ಲು ಶಿಥಿಲವಾಗಿ ಉಂಟಾದ ಎರೆಭೂಮಿ. ಭೀಮಾ ನದಿಯು ಅಫಜಲಪುರ ಜೇವರ್ಗಿಗಳ ಮೂಲಕ ಹರಿಯುತ್ತದೆ. ಅದರ ಉಪನದಿಯಾದ ಅಮರ್ಜಾ ಆಳಂದದ ಕಡೆಯಿಂದ ಬಂದು ದೇವಲ ಗಾಣಗಾಪುರದ ಬಳಿ ಅದನ್ನು ಕೂಡುತ್ತದೆ. ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿಯೇ ಮುಗಿದುಹೋಗುತ್ತದೆ. ಮೇ ತಿಂಗಳ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಸಾಮಾನ್ಯವಾಗಿ ಮೀರುತ್ತದೆ. ಅದೇ ಬೇಸಗೆಯ ಸಂಜೆಗಳಲ್ಲಿ ಗುಡುಗು ಆಣೆಕಲ್ಲುಗಳೊಡನೆ ಎದ್ದು ಬರುವ ಬಿರುಗಾಳಿಯು ಒಣಗಿದ ಕೊಂಬೆಯನ್ನು ಹುಡುಕಿ ಮುರಿಯುತ್ತದೆ. ಇಂಥ ಸೀಮೆಯಲ್ಲಿ ಮನೆಯ ಮುಂದಿನ ಒಂದು ಬೇವಿನ ಮರವೆಂದರೆ ಅಲಂಕಾರವಲ್ಲ. ಮಧ್ಯಾಹ್ನದ ಹೊತ್ತು ಮನೆಮಂದಿಯೂ ದನಕರುವೂ ಆಶ್ರಯಿಸುವ ಎರಡನೆಯ ಮನೆಯೇ ಅದು.

ಪಟ್ಟಣಗಳ ಅಂಚಿನ ಹೊಲಗಳು ಎನ್.ಎ. (ಕೃಷಿಯೇತರ ಜಮೀನು) ಆಗಿ, ಪ್ಲಾಟುಗಳಾಗಿ, ಬಡಾವಣೆಗಳಾಗಿ ಮಾರ್ಪಡುತ್ತಿರುವ ಈ ಕಾಲದಲ್ಲಿ ಪ್ರೌಢವೃಕ್ಷದ ಪ್ರಶ್ನೆಯು ಹೊಸ ರೂಪವನ್ನು ತಾಳಿದೆ. ಬದುವಿನ ಮೇಲೆ ರೈತನ ತಾತನ ಕಾಲದಿಂದ ನಿಂತಿದ್ದ ಬೇವು, ಬಾವಿಯ ಮಗ್ಗುಲಿನ ಹುಣಸೆ, ಹೊಲದ ಮೂಲೆಯ ಬನ್ನಿ ಅಥವಾ ಜಾಲಿ, ಇವು ನಕ್ಷೆಯ ಗೆರೆಗಳು ಬಿದ್ದ ಮೇಲೆ ಯಾವುದೋ ಒಂದು ಪ್ಲಾಟಿನ ಪಾಲಿಗೆ ಬರುತ್ತವೆ. ಕೊಂಡವನು ನೆರಳಿನ ಆಸೆಯಿಂದ ಮರವನ್ನು ಉಳಿಸಿಕೊಳ್ಳುತ್ತಾನೆ. ಆದರೆ ಕಟ್ಟಡದ ಕೆಲಸ ಮುಗಿದು ನಾಲ್ಕೈದು ವರ್ಷಗಳಾಗುವಷ್ಟರಲ್ಲಿ ಅದೇ ಮರದ ನೆತ್ತಿಯು ಒಣಗತೊಡಗಿ, ‘ಮರಕ್ಕೆ ರೋಗ ಬಂತು’ ಎಂಬ ಮಾತು ಹುಟ್ಟುತ್ತದೆ. ಬಹುಮಟ್ಟಿಗೆ ಅದು ರೋಗವಲ್ಲ, ಪಾಯ ತೋಡಿದ ದಿನ ಕಡಿದುಹೋದ ಬೇರಿನ ಫಲ. ಈ ಲೇಖನದಲ್ಲಿ ಬೇರಿನ ವಿಷಯಕ್ಕೆ ಕೊಂಬೆಗಿಂತ ಹೆಚ್ಚು ಸ್ಥಳವನ್ನು ಕೊಟ್ಟಿರುವುದಕ್ಕೆ ಕಾರಣವೂ ಇದೇ.

ವೃಕ್ಷಗಳ ಚಿಕಿತ್ಸೆಯು ಈ ನಾಡಿಗೆ ಹೊಸದೆಂದು ಭಾವಿಸಲಾಗದು. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿನಲ್ಲಿ ಕನ್ನಡದಲ್ಲಿಯೇ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕವಾದ ಒಂದು ಅಧ್ಯಾಯವೇ ಮೀಸಲಾಗಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ಸಂಕಲಿಸಿದ ‘ಮಾನಸೋಲ್ಲಾಸ’ವು ಉದ್ಯಾನಗಳ ಪ್ರಸಂಗದಲ್ಲಿ ಮರಗಳನ್ನು ನೆಡುವ, ಪೋಷಿಸುವ, ಅವುಗಳ ಬೇನೆಗಳನ್ನು ಕಳೆಯುವ ಕ್ರಮಗಳನ್ನು ಹೇಳುತ್ತದೆ. ಸೋಮೇಶ್ವರನ ರಾಜಧಾನಿಯಾಗಿದ್ದ ಕಲ್ಯಾಣವು ಆಳಂದಕ್ಕೆ ಬಹುದೂರದ್ದಲ್ಲ. ಆದುದರಿಂದ ಈ ಗ್ರಂಥಗಳು ಈ ಸೀಮೆಯ ಗಾಳಿಮಳೆಗಳನ್ನು ಕಂಡವರ ನಡುವೆಯೇ ಹುಟ್ಟಿದವೆಂದು ಹೇಳಬಹುದು. ಆಧುನಿಕ ವೃತ್ತಿಯಾದರೋ ಪಶ್ಚಿಮದಲ್ಲಿ ರೂಪುಗೊಂಡಿತು: ಅಮೆರಿಕದಲ್ಲಿ ನೆಲೆಸಿದ ಜಾನ್ ಡೇವಿಯು 1901ರಲ್ಲಿ ಮರವೈದ್ಯವನ್ನು ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದನು, 1924ರಲ್ಲಿ, ಮುಂದೆ ಅಂತರರಾಷ್ಟ್ರೀಯ ವೃಕ್ಷಪಾಲನಾ ಸಂಘವಾಗಿ ಬೆಳೆದ ಸಂಸ್ಥೆಯು ಅಲ್ಲಿಯೇ ಆರಂಭವಾಯಿತು. ಆದರೆ ಈ ವೃತ್ತಿಯ ತಳಹದಿಯನ್ನೇ ಬದಲಾಯಿಸಿದವನು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಸಸ್ಯರೋಗತಜ್ಞ ಅಲೆಕ್ಸ್ ಶಿಗೋ. ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಅವನು 1970ರ ದಶಕದಲ್ಲಿ ಪ್ರತಿಪಾದಿಸಿದ ತತ್ತ್ವವೆಂದರೆ, ಪ್ರಾಣಿಯ ಗಾಯವು ಮಾಯುವಂತೆ ಮರದ ಗಾಯವು ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರವು ತನ್ನೊಳಗೇ ಗೋಡೆ ಕಟ್ಟಿ ಬೇರ್ಪಡಿಸಿ, ಅದರ ಹೊರಗೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಆ ಗೋಡೆಯನ್ನು ಕಟ್ಟಲು ಮರಕ್ಕೆ ಸಹಾಯ ಮಾಡುವುದು, ಕನಿಷ್ಠಪಕ್ಷ ಅಡ್ಡಿಯಾಗದಿರುವುದು, ಇಂದಿನ ವೃಕ್ಷಪಾಲನೆಯ ಸಾರ.

ನೆಲ ಮತ್ತು ಬೇರು: ಮರದ ಎತ್ತರದಷ್ಟೇ ಆಳಕ್ಕೆ ಬೇರು ಇಳಿದಿರುತ್ತದೆಂಬ ನಂಬಿಕೆಯು ಸಾರ್ವತ್ರಿಕವಾದರೂ ಸರಿಯಾದುದಲ್ಲ. ಆಹಾರ ನೀರುಗಳನ್ನು ಹೀರುವ ಸೂಕ್ಷ್ಮ ಬೇರುಗಳ ಬಹುಪಾಲು ನೆಲದ ಮೇಲಿನ ಒಂದೆರಡು ಅಡಿಗಳಲ್ಲಿಯೇ ಇದ್ದು, ಅಡ್ಡಲಾಗಿ ನೆತ್ತಿಯ ನೆರಳಿನ ಅಂಚನ್ನು ದಾಟಿ ಬಹುದೂರ ಹಬ್ಬಿರುತ್ತವೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಸಂಕೋಚಗೊಂಡು ಅಂಗೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಬಿರುಕು ಬಾಯ್ದೆರೆದಾಗ ಅದಕ್ಕೆ ಅಡ್ಡಲಾಗಿ ಹಾದ ಎಳೆಬೇರು ಹರಿಯುತ್ತದೆ. ಆರೋಗ್ಯವಂತ ಮರವು ಮುಂದಿನ ಮಳೆಗೆ ಹೊಸ ಬೇರನ್ನು ಬಿಟ್ಟು ಈ ನಷ್ಟವನ್ನು ತುಂಬಿಕೊಳ್ಳುತ್ತದೆ; ಅದಾಗಲೇ ಅರ್ಧ ಬೇರನ್ನು ಕಳೆದುಕೊಂಡ ಬಡಾವಣೆಯ ಮರಕ್ಕೆ ಆ ಶಕ್ತಿ ಉಳಿದಿರುವುದಿಲ್ಲ.

ಇದರ ಮೇಲೆ ಬರುವುದು ಅಂಗಳದ ಹಾಸುಗಲ್ಲು. ಕಲಬುರಗಿ ಸೀಮೆಯ ಅಂಗಳಗಳಿಗೆ ಶಹಾಬಾದಿನ ಪರಸಿಯು ಹಿಂದಿನಿಂದಲೂ ಬಳಕೆಯಲ್ಲಿರುವ ಹಾಸು. ಹಳೆಯ ಮನೆಗಳಲ್ಲಿ ಮಣ್ಣಿನ ಮೇಲೆ ಪರಸಿಯನ್ನು ಬರಿದೆ ಜೋಡಿಸಿ ಸಂದುಗಳನ್ನು ಮರಳಿನಿಂದ ತುಂಬಿದ್ದಲ್ಲಿ, ಬಿದ್ದ ಮಳೆಯು ಸಂದಿನಿಂದ ಇಳಿದು ಬೇರನ್ನು ಸೇರುತ್ತಿತ್ತು. ಈಗ ಅಡಿಯಲ್ಲಿ ಕಾಂಕ್ರೀಟನ್ನು ಸುರಿದು, ಸಂದುಗಳಿಗೆ ಸಿಮೆಂಟನ್ನು ಮೆತ್ತಿ, ಬೊಡ್ಡೆಯ ಸುತ್ತ ಒಂದು ಗೇಣು ತೆರವನ್ನೂ ಬಿಡದೆ ಹಾಸುವುದರಿಂದ ನೀರೂ ಗಾಳಿಯೂ ಏಕಕಾಲದಲ್ಲಿ ನಿಂತುಹೋಗುತ್ತವೆ. ಇಂಥ ಅಂಗಳದಲ್ಲಿ ಮಾಡಬೇಕಾದ ಮೊದಲ ಚಿಕಿತ್ಸೆ ಸುಲಭವೂ ಅಲ್ಪವ್ಯಯದ್ದೂ ಆಗಿದೆ: ಬೊಡ್ಡೆಯಿಂದ ನಾಲ್ಕಾರು ಅಡಿಗಳವರೆಗಿನ ಪರಸಿಯನ್ನು ಕೈಯಾರೆ ಎಬ್ಬಿಸಿ, ಗಟ್ಟಿಯಾದ ಮಣ್ಣನ್ನು ಬೇರು ತುಂಡಾಗದಂತೆ ಸಣ್ಣ ಸಲಾಕೆಯಿಂದ ಸಡಿಲಿಸಿ, ಕಳಿತ ಗೊಬ್ಬರವನ್ನು ಬೆರೆಸಿ, ಉದುರೆಲೆಯನ್ನು ಮೂರು ನಾಲ್ಕು ಅಂಗುಲದಷ್ಟು ಹೊದಿಸಿ, ಆ ಹೊದಿಕೆಯು ತೊಗಟೆಗೆ ತಾಗದಂತೆ ಒಂದು ಗೇಣು ದೂರ ಬಿಡುವುದು. ಬೇಸಗೆಯಲ್ಲಿ ನೀರನ್ನು ಬೊಡ್ಡೆಯ ಬುಡಕ್ಕೆ ದಿನವೂ ಚೆಲ್ಲುವುದಕ್ಕಿಂತ, ನೆತ್ತಿಯ ನೆರಳು ಮುಗಿಯುವ ಸುತ್ತಿನಲ್ಲಿ ಎರಡು ಮೂರು ವಾರಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ನಿಲ್ಲಿಸುವುದು ಶ್ರೇಯಸ್ಕರ. ಉದುರಿದ ಎಲೆಯನ್ನು ಗುಡಿಸಿ ಮರದ ಬುಡದಲ್ಲಿಯೇ ಸುಡುವ ರೂಢಿಯು ಎರಡು ಬಗೆಯಿಂದ ಹಾನಿಕರ. ಬೇರಿಗೆ ಸಲ್ಲಬೇಕಾದ ಗೊಬ್ಬರವೂ ಹೋಗುತ್ತದೆ, ತೊಗಟೆಯ ಒಳಪದರವೂ ಬೇಯುತ್ತದೆ.

ಮರದ ಸುತ್ತ ಕಟ್ಟೆಯನ್ನು ಕಟ್ಟುವುದು ನಮ್ಮ ಗ್ರಾಮಜೀವನದ ಒಂದು ಸುಂದರ ಸಂಪ್ರದಾಯ. ಅದನ್ನು ನಿಂದಿಸುವುದಕ್ಕೆ ಈ ಲೇಖಕನಿಗೆ ಮನಸ್ಸಿಲ್ಲ. ಆದರೆ ಎಳೆಯ ಅಶ್ವತ್ಥದ ಸುತ್ತ ಅಗಲವಾಗಿ ಕಟ್ಟಿದ ಕಲ್ಲುಕಟ್ಟೆಗೂ, ಬೆಳೆದ ಬೇವಿನ ಬೊಡ್ಡೆಗೆ ಎರಡು ಮೂರು ಅಡಿ ಮಣ್ಣನ್ನು ಹೊಸದಾಗಿ ತುಂಬಿ ಸಿಮೆಂಟು ಬಳಿದ ಕಟ್ಟೆಗೂ ಬಹಳ ಅಂತರವುಂಟು. ಆಲ, ಅರಳಿ, ಅತ್ತಿ ಮುಂತಾದವು ಹೊಸ ಬೇರನ್ನು ಸುಲಭವಾಗಿ ಬಿಡಬಲ್ಲವಾದ್ದರಿಂದ ಮಣ್ಣಿನ ಏರಿಕೆಯನ್ನು ತಕ್ಕಮಟ್ಟಿಗೆ ತಾಳುತ್ತವೆ. ಬೇವು, ಮಾವುಗಳಲ್ಲಿ ಹೂತುಹೋದ ತೊಗಟೆಯು ಸದಾ ಒದ್ದೆಯಾಗಿದ್ದು ಕೊಳೆತು, ಮರವು ಬುಡದಿಂದಲೇ ಶಿಥಿಲವಾಗುತ್ತದೆ. ಬೊಡ್ಡೆಯು ನೆಲವನ್ನು ಸೇರುವೆಡೆ ಅಗಲವಾಗಿ ಹರವಿಕೊಂಡು ಕಾಣುತ್ತಿರಬೇಕು. ಕಂಬವನ್ನು ಹೂಳಿದಂತೆ ನೇರವಾಗಿ ಕಂಡರೆ ಅಲ್ಲಿ ಮಣ್ಣು ಏರಿದೆಯೆಂದೇ ತಿಳಿಯಬೇಕು.

ಎರೆಭೂಮಿಯಲ್ಲಿ ಗೋಡೆಯ ಬಿರುಕಿಗೆ ಮರವನ್ನು ದೂರುವುದು ಸಾಮಾನ್ಯ. ಮರವು ಬೇಸಗೆಯಲ್ಲಿ ನೆಲದ ತೇವವನ್ನು ಹೀರಿ ಮಣ್ಣಿನ ಸಂಕೋಚವನ್ನು ಹೆಚ್ಚಿಸುವುದು ನಿಜವೇ. ಆದರೆ ಮರವೇ ಇಲ್ಲದ ಬಯಲಿನಲ್ಲಿಯೂ ಆಳವಿಲ್ಲದ ಪಾಯದ ಮನೆ ಈ ಮಣ್ಣಿನಲ್ಲಿ ಬಿರಿಯುತ್ತದೆ. ಅಷ್ಟೇ ಅಲ್ಲ, ಹಳೆಯ ದೊಡ್ಡ ಮರವನ್ನು ಒಮ್ಮೆಲೇ ಕಡಿದು ತೆಗೆದರೆ, ಅದು ಹೀರುತ್ತಿದ್ದ ತೇವವು ಮಣ್ಣಿನಲ್ಲಿಯೇ ಉಳಿದು, ನೆಲವು ಉಬ್ಬಿ, ಹೊಸ ಬಿರುಕುಗಳು ಕಾಣಿಸಿಕೊಳ್ಳುವುದೂ ಉಂಟು. ಆದ್ದರಿಂದ ಕೊಡಲಿಯ ನಿರ್ಣಯಕ್ಕೆ ಮುಂಚೆ ಪಾಯದ ಆಳ, ಮೋರಿಯ ಸೋರಿಕೆ, ಚಾವಣಿಯ ನೀರು ಬೀಳುವ ಜಾಗ ಇವುಗಳನ್ನು ನೋಡುವುದು ಅವಶ್ಯಕ.

ಪರೀಕ್ಷೆ: ನುರಿತ ವೃಕ್ಷಪಾಲಕನು ಮೊದಲು ಮರವನ್ನು ಮುಟ್ಟದೆ ದೂರದಿಂದ ಸುತ್ತಿ ನೋಡುತ್ತಾನೆ. ನೆತ್ತಿಯ ತುದಿಗಳು ಒಣಗಿವೆಯೇ, ಮರವು ಈಚೆಗೆ ವಾಲಿದೆಯೇ, ವಾಲಿದ ಕಡೆಯ ಹಿಂಬದಿಯಲ್ಲಿ ನೆಲ ಬಿರಿದು ಎದ್ದಿದೆಯೇ? ಬಳಿಕ ಬುಡಕ್ಕೆ ಬಂದು, ಬೇರಿನ ಮೇಲೆ ಗಟ್ಟಿಯಾದ ಅರ್ಧಚಂದ್ರಾಕಾರದ ಅಣಬೆ ಮೂಡಿದೆಯೇ ಎಂದು ಹುಡುಕುತ್ತಾನೆ. ಗ್ಯಾನೊಡರ್ಮಾ ಜಾತಿಯ ಈ ಅಣಬೆಯು ಬೇರಿನೊಳಗಿನ ಕೊಳೆತದ ಗುರುತಾಗಿದ್ದು, ಗುಲ್‌ಮೊಹರ್, ಸುಬಾಬುಲ್, ಜಾಲಿ ಮುಂತಾದ ಮರಗಳು ಮೇಲೆ ಹಸಿರಾಗಿದ್ದೂ ಗಾಳಿಗೆ ಬುಡಸಹಿತ ಉರುಳಲು ಹಲವು ಸಲ ಇದೇ ಕಾರಣ. ಮರದ ಸುತ್ತಿಗೆಯಿಂದ ಬೊಡ್ಡೆಯನ್ನು ಮೆಲ್ಲನೆ ತಟ್ಟುತ್ತ ಹೋದರೆ ಟೊಳ್ಳಾದ ಕಡೆ ಸ್ವರ ಬದಲಾಗುತ್ತದೆ. ಟೊಳ್ಳು ಕಂಡ ಮಾತ್ರಕ್ಕೆ ಮರಕ್ಕೆ ಮರಣದಂಡನೆಯನ್ನು ವಿಧಿಸಬಾರದು. ಹಳೆಯ ಹುಣಸೆಗಳಲ್ಲಿ ಟೊಳ್ಳು ಸಹಜ, ಮತ್ತು ಉಳಿದ ಗಟ್ಟಿ ಗೋಡೆಯ ದಪ್ಪವು ಬೊಡ್ಡೆಯ ತ್ರಿಜ್ಯದ ಮೂರನೆಯ ಒಂದು ಭಾಗದಷ್ಟಿದ್ದರೆ ಮರವು ಸಾಮಾನ್ಯವಾಗಿ ನಿಲ್ಲಬಲ್ಲದೆಂದು ತಜ್ಞರು ಗಣಿಸುತ್ತಾರೆ. ಕವಲಿನ ಪರೀಕ್ಷೆ ಇದಕ್ಕಿಂತ ಮುಖ್ಯ: ಎರಡು ದೊಡ್ಡ ಕೊಂಬೆಗಳು ಇಕ್ಕಟ್ಟಾಗಿ ಕೂಡಿ, ಅವುಗಳ ನಡುವೆ ತೊಗಟೆಯು ಒಳಮಡಿಕೆಯಾಗಿ ಸಿಕ್ಕಿಕೊಂಡಿದ್ದರೆ, ಅಲ್ಲಿ ಮರಕ್ಕೆ ಮರ ಬೆಸೆದಿರುವುದಿಲ್ಲ, ಬೇಸಗೆಯ ಗಾಳಿಗೆ ಸೀಳುವುದು ಅಲ್ಲಿಯೇ.

ಸವರಿಕೆ: ನಮ್ಮಲ್ಲಿ ಮರಗಳು ಗಾಳಿಗಿಂತ ಹೆಚ್ಚಾಗಿ ತಪ್ಪು ಕಡಿತದಿಂದ ಕೆಡುತ್ತವೆ. ಪ್ರತಿಯೊಂದು ಕೊಂಬೆಯೂ ಬೊಡ್ಡೆಯನ್ನು ಸೇರುವೆಡೆ ತುಸು ಉಬ್ಬಿದ ಒಂದು ಬಳೆ ಇರುತ್ತದೆ. ಗಾಯವನ್ನು ಮುಚ್ಚುವ ಶಕ್ತಿಯೆಲ್ಲ ಅದರಲ್ಲಿ ಅಡಗಿದೆ. ಬೊಡ್ಡೆಗೆ ಸಮವಾಗಿ ಕೊಯ್ದರೆ ಬಳೆ ಹೋಗುತ್ತದೆ. ಮೊಳದುದ್ದ ಮೋಟು ಬಿಟ್ಟರೆ ಮೋಟು ಸತ್ತು ಕೊಳೆತವು ಒಳಕ್ಕೆ ಹಾದಿ ಮಾಡಿಕೊಳ್ಳುತ್ತದೆ. ಬಳೆಯ ಹೊರ ಅಂಚಿನಲ್ಲಿ ಕೊಯ್ಯುವುದೇ ಸರಿಯಾದ ಕ್ರಮ. ಭಾರವಾದ ಕೊಂಬೆಯನ್ನು ಮೂರು ಕೊಯ್ತಗಳಲ್ಲಿ ತೆಗೆಯಬೇಕು: ಬೊಡ್ಡೆಯಿಂದ ಒಂದು ಮೊಳ ಆಚೆ ಕೆಳಗಿನಿಂದ ಮೂರನೆಯ ಒಂದು ಭಾಗದಷ್ಟು ಕೊಯ್ದು, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಿ, ಕೊನೆಗೆ ಉಳಿದ ಮೋಟನ್ನು ಬಳೆಯ ಅಂಚಿಗೆ ಸವರುವುದು. ಮೊದಲನೆಯ ಕೆಳಕೊಯ್ತವನ್ನು ಬಿಟ್ಟರೆ, ಬೀಳುವ ಕೊಂಬೆಯು ತನ್ನ ಜೊತೆಗೆ ಬೊಡ್ಡೆಯ ತೊಗಟೆಯನ್ನು ನೆಲದವರೆಗೂ ಸುಲಿದುಕೊಂಡು ಹೋಗುವುದನ್ನು ಕೊಡಲಿಯಿಂದ ಕಡಿದ ಬೇವುಗಳಲ್ಲಿ ಎಲ್ಲೆಡೆಯೂ ಕಾಣಬಹುದು. ಗಾಯಕ್ಕೆ ಡಾಂಬರನ್ನೋ ಬಣ್ಣವನ್ನೋ ಬಳಿಯುವುದರಿಂದ ಕೊಳೆತವು ನಿಲ್ಲುವುದಿಲ್ಲವೆಂಬುದು ಶಿಗೋ ಮುಂತಾದವರ ಪ್ರಯೋಗಗಳಿಂದ ಸ್ಥಿರಪಟ್ಟಿದೆ. ಜಾಜು ಸುಣ್ಣಗಳ ಪಟ್ಟೆಯು ಎಳೆಯ ತೊಗಟೆಯನ್ನು ಬಿಸಿಲಿನಿಂದ ತಕ್ಕಮಟ್ಟಿಗೆ ಕಾಯುತ್ತದೆ, ಅದಕ್ಕಿಂತ ಹೆಚ್ಚಿನ ಗುಣ ಅದಕ್ಕಿಲ್ಲ.

ತಲೆಯನ್ನು ಬೋಳಿಸುವುದು ಅತ್ಯಂತ ಘೋರವಾದ ಅಪಚಾರ. ಗಾಳಿಗೆ ಬೀಳಬಾರದೆಂದು ಮರದ ನೆತ್ತಿಯನ್ನೆಲ್ಲ ಕಡಿದ ಮೇಲೆ, ಆಹಾರವನ್ನು ಸಿದ್ಧಪಡಿಸುವ ಎಲೆಯೇ ಇಲ್ಲದೆ ಬೇರು ಹಸಿಯುತ್ತದೆ, ಬರಿದಾದ ತೊಗಟೆಯು ಮೇ ತಿಂಗಳ ಬಿಸಿಲಿಗೆ ಸುಟ್ಟು ಸೀಳುತ್ತದೆ, ಮೋಟುಗಳಿಂದ ಒತ್ತೊತ್ತಾಗಿ ಎದ್ದ ಚಿಗುರುಗಳು ಮೇಲ್ಪದರಕ್ಕೆ ಮಾತ್ರ ಅಂಟಿಕೊಂಡು ಬೆಳೆದು ಕೆಲವೇ ವರ್ಷಗಳಲ್ಲಿ ಮೊದಲಿಗಿಂತ ಸುಲಭವಾಗಿ ಮುರಿದು ಬೀಳುತ್ತವೆ. ಪ್ರೌಢವೃಕ್ಷದಲ್ಲಿ ಒಂದು ಸಲಕ್ಕೆ ಹಸಿರು ನೆತ್ತಿಯ ನಾಲ್ಕನೆಯ ಒಂದು ಭಾಗವನ್ನು ಮೀರಿ ತೆಗೆಯಬಾರದು. ಮುದಿಮರದಲ್ಲಿ ಅದಕ್ಕಿಂತಲೂ ಕಡಮೆ. ಒಣಕೊಂಬೆಯನ್ನು ಚೈತ್ರದ ಗಾಳಿಗೆ ಮುಂಚಿತವಾಗಿ ಯಾವಾಗ ಬೇಕಾದರೂ ತೆಗೆಯಬಹುದು. ಹಸಿಕೊಂಬೆಯ ಸವರಿಕೆಗೆ ಬೇವಿನಲ್ಲಿ ಹೊಸ ಚಿಗುರಿಗೆ ಮೊದಲಿನ ಮಾಘಮಾಸವೂ, ಮಾವಿನಲ್ಲಿ ಫಸಲು ಇಳಿದ ತರುವಾಯದ ದಿನಗಳೂ ಪ್ರಶಸ್ತ. ಆಡುಗಳಿಗಾಗಿ ಸೊಪ್ಪು ಕಡಿಯುವವರು ಪ್ರತಿವರ್ಷವೂ ಒಂದೇ ಕೊಂಬೆಗೆ ಕೊಡಲಿ ಹಾಕುವುದನ್ನು ತಡೆದು, ತೆಳ್ಳನೆಯ ರೆಂಬೆಗಳನ್ನು ಸರದಿಯಂತೆ ತೆಗೆಯುವ ಪದ್ಧತಿಯನ್ನು ರೂಢಿಸಿದರೆ ಮೇವೂ ಸಿಕ್ಕೀತು, ಮರವೂ ಉಳಿದೀತು. ವಿಜಯದಶಮಿಯಂದು ಬನ್ನಿಯ ರೆಂಬೆಗಳನ್ನು ಜಗ್ಗಿ ಸೀಳುವ ಬದಲು ಕತ್ತರಿಯಿಂದ ಕೊಯ್ದುಕೊಳ್ಳುವುದೂ ಇದೇ ವಿವೇಕಕ್ಕೆ ಸೇರಿದ್ದು. ವಿದ್ಯುತ್ ತಂತಿಗಳ ಕೆಳಗಿನ ಮರಗಳನ್ನು ವಿದ್ಯುತ್ ಸರಬರಾಜು ಸಂಸ್ಥೆಯಾದ ಜೆಸ್ಕಾಂಗೆ ತಿಳಿಸಿ ಪ್ರವಾಹವನ್ನು ನಿಲ್ಲಿಸದ ಹೊರತು ಮನೆಯವರಾಗಲಿ ಕೂಲಿಯವರಾಗಲಿ ಮುಟ್ಟಕೂಡದು.

ರೋಗ ಮತ್ತು ಕೀಟ: ಬೇವಿನ ತುದಿಯೊಣಗು ರೋಗವು ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರದಿಂದ ಬರುತ್ತದೆ, 1997ರಲ್ಲಿ ಈ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಹೆಸರಿಸಿ ವರ್ಣಿಸಲಾಯಿತು. 2021ರ ಸುಮಾರಿನಲ್ಲಿ ನೆರೆಯ ತೆಲಂಗಾಣದ ಬೇವುಗಳು ಮಳೆಗಾಲದ ಬಳಿಕ ಊರಿಗೆ ಊರೇ ಕಂದಿ ನಿಂತಾಗ ಜನ ಗಾಬರಿಗೊಂಡದ್ದು ಸಹಜವೇ. ಆದರೆ ತುದಿಗಳು ಕಂದಿದ ಬೇವು ಸತ್ತ ಬೇವಲ್ಲ. ಬುಡದಲ್ಲಿ ತೇವವಿದ್ದ ಮರಗಳು ಮುಂದಿನ ಚಿಗುರಿನಲ್ಲಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ಬೇವು, ಮಾವು, ಹೊಂಗೆಗಳ ಮೇಲೆ ಹಕ್ಕಿಗಳು ಬಿತ್ತುವ ಬಂದಳಿಕೆಯನ್ನು ಅದರ ಬೇರು ಹೊಕ್ಕ ಕೊಂಬೆಯ ಸಹಿತ, ಅಂಟಿದ ಸ್ಥಾನಕ್ಕಿಂತ ಒಂದು ಮೊಳ ಕೆಳಗೆ, ಹಣ್ಣಾಗುವುದಕ್ಕೆ ಮೊದಲು ಕೊಯ್ಯಬೇಕು. ಮಾವಿನ ಕಾಂಡಕೊರಕವು ತೊಗಟೆಯ ರಂಧ್ರದಿಂದ ಹೊರಚೆಲ್ಲುವ ಹೊಟ್ಟಿನಿಂದ ಗುರುತಾಗುತ್ತದೆ. ಗೆದ್ದಲು ಬಹುಮಟ್ಟಿಗೆ ಸತ್ತ ತೊಗಟೆಯನ್ನೇ ತಿನ್ನುವುದಾದ್ದರಿಂದ ಅದನ್ನು ಕಂಡೊಡನೆ ವಿಷವನ್ನು ಸುರಿಯಬೇಕಾದುದಿಲ್ಲ. ಇವುಗಳ ನಿರ್ಧಾರಕ್ಕೆ ಕೃಷಿ ವಿಜ್ಞಾನ ಕೇಂದ್ರದ ಹಾಗೂ ತೋಟಗಾರಿಕೆ ಇಲಾಖೆಯ ತಜ್ಞರ ಸಲಹೆಯನ್ನು ಪಡೆಯಬಹುದು.

ಗಾಣಗಾಪುರದ ಸಂಗಮದಲ್ಲಿ ಭಕ್ತರು ಕುಳಿತು ಗುರುಚರಿತ್ರೆಯನ್ನು ಪಾರಾಯಣ ಮಾಡುವ ಔದುಂಬರವು, ನದಿಯ ತೇವವನ್ನು ಬಯಸುವ ಅತ್ತಿಯ ಜಾತಿಗೆ ಸೇರಿದ್ದು. ಅದೇ ಅತ್ತಿಯನ್ನು ಭಕ್ತಿಯಿಂದ ತಂದು ನೀರಿಲ್ಲದ ಬಡಾವಣೆಯ ಗೋಡೆಯಂಚಿಗೆ ನೆಟ್ಟರೆ ಅದು ಮೋರಿಯ ಕಡೆಗೆ ಬೇರನ್ನು ಚಾಚುವುದು ಸ್ವಾಭಾವಿಕ. ಪೂಜೆಗೊಳ್ಳುವ ಮರಗಳಿಗೆ ಮೊಳೆ ಹೊಡೆಯುವುದು, ತಂತಿಯನ್ನು ಬಿಗಿಯುವುದು, ಬುಡದಲ್ಲಿ ದೀಪವನ್ನು ತೊಗಟೆಗೆ ತಾಗಿಸಿ ಉರಿಸುವುದು ಇವುಗಳನ್ನು ಭಕ್ತರೇ ವರ್ಜಿಸಬೇಕು. ಅಕ್ಟೋಬರ್ 2020ರ ಭೀಮೆಯ ಮಹಾಪೂರದಂಥ ಪ್ರಸಂಗದಲ್ಲಿ ದಿನಗಟ್ಟಲೆ ನೀರಿನಲ್ಲಿ ನಿಂತ ಮರಗಳ ಬೇರು ಉಸಿರುಗಟ್ಟಿರುವುದರಿಂದ, ಇಳಿದ ಹೂಳನ್ನು ಬುಡದಿಂದ ತೆಗೆದು ಒಂದು ವರ್ಷ ಹಸಿಕೊಂಬೆಗೆ ಗರಗಸವನ್ನು ತಾಗಿಸದಿರುವುದು ಉಚಿತ.

ಮುದಿಮರವನ್ನು ಊರುಗೋಲು ಕೊಟ್ಟು ಉಳಿಸಿದ ನಿದರ್ಶನಗಳು ದೂರದಲ್ಲಿಲ್ಲ. ತೆಲಂಗಾಣದ ಮಹಬೂಬ್‌ನಗರದ ಪಿಲ್ಲಲಮರ್ರಿ ಎಂಬ ಪುರಾತನ ಆಲಕ್ಕೆ ಗೆದ್ದಲು ಹತ್ತಿ ಕೊಂಬೆ ಕುಸಿದಾಗ, 2018ರಲ್ಲಿ ಅರಣ್ಯ ಅಧಿಕಾರಿಗಳು ಸಲೈನ್ ಬಾಟಲಿಗಳಿಂದ ಕೀಟನಾಶಕವನ್ನು ತೊಟ್ಟುತೊಟ್ಟಾಗಿ ಮರದೊಳಕ್ಕೆ ಇಳಿಸಿ, ಭಾರದ ಕೊಂಬೆಗಳಿಗೆ ಕಂಬಗಳ ಆಧಾರವನ್ನು ಕೊಟ್ಟರು. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದ ಮೂರು ಬೃಹದಾಕಾರದ ದೊಡ್ಡಹುಣಸೆ (ಬಾವೊಬಾಬ್) ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಕಡಿದೊಯ್ಯದೆ ಮತ್ತೆ ಎತ್ತಿ ನಿಲ್ಲಿಸಲಾಯಿತು. ಮನೆಯ ಅಂಗಳದ ಹುಣಸೆಗೆ ಇಷ್ಟೆಲ್ಲ ಬೇಕಾಗದು; ವಾಲಿದ ಕೊಂಬೆಗೆ ರಬ್ಬರಿನ ಮೆತ್ತೆಯಿಟ್ಟ ಒಂದು ಕವೆಗಂಬವೇ ಎಷ್ಟೋ ವರ್ಷ ಸಾಕಾದೀತು.

ಕಾನೂನು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ಸ್ವಂತ ಆವರಣದಲ್ಲಿರುವ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ತೆಂಗು, ನೀಲಗಿರಿ, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಮರವು ಸತ್ತಿದ್ದರೆ, ರೋಗಗ್ರಸ್ತವಾಗಿದ್ದರೆ, ಗಾಳಿಗೆ ಉರುಳಿದ್ದರೆ, ಅಥವಾ ಪ್ರಾಣಕ್ಕೂ ಆಸ್ತಿಗೂ ಅಪಾಯಕಾರಿಯಾಗಿದ್ದರೆ ಅನುಮತಿಯನ್ನು ನಿರಾಕರಿಸುವಂತಿಲ್ಲ. ಕಡಿದವನು ಬದಲಿಗೆ ಗಿಡವನ್ನು ನೆಟ್ಟು ಬೆಳೆಸುವ ಹೊಣೆಯನ್ನೂ ಅಧಿನಿಯಮವು ವಿಧಿಸುತ್ತದೆ. ಮರವನ್ನು ಕಡಿಯುವುದಕ್ಕೆ ಅರ್ಜಿ ಬೇಕೆಂಬುದನ್ನು ಈಗ ಹಲವರು ಬಲ್ಲರು. ಮರವನ್ನು ಬೋಳಿಸಿ ಒಣಗಿಸುವುದೂ ಕಡಿದಂತೆಯೇ ಎಂಬ ತಿಳಿವಳಿಕೆ ಇನ್ನೂ ಹರಡಬೇಕಾಗಿದೆ.

ಕಸುಬಿನವರು: ಹುಣಸೆಹಣ್ಣನ್ನು ಬಡಿದು ಇಳಿಸುವವರು, ಕಟ್ಟಿಗೆ ಒಡೆಯುವವರು, ಸೊಪ್ಪು ಕಡಿಯುವವರು ಈ ಮೂರು ತಾಲ್ಲೂಕುಗಳ ಊರೂರಿನಲ್ಲಿ ಇದ್ದಾರೆ. ಯಾವ ಕೊಂಬೆ ಭಾರವನ್ನು ತಾಳೀತು, ಯಾವುದು ತಾಳದು ಎಂಬುದನ್ನು ಅಂಗಾಲಿನಿಂದಲೇ ಅರಿಯುವ ಇವರ ಅನುಭವವು ಯಾವ ಪಾಠಶಾಲೆಯಲ್ಲಿಯೂ ದೊರೆಯತಕ್ಕದ್ದಲ್ಲ. ಆದರೆ ಸೊಂಟಕ್ಕೆ ಹಗ್ಗವಿಲ್ಲದೆ, ತಲೆಗೆ ಹೆಲ್ಮೆಟ್ ಇಲ್ಲದೆ, ಬಿದ್ದರೆ ವಿಮೆಯೂ ಇಲ್ಲದೆ, ಕಡಿದ ಕಟ್ಟಿಗೆಯನ್ನೇ ಕೂಲಿಯಾಗಿ ಪಡೆದು ಇವರು ಏರುತ್ತಾರೆ. ಕಟ್ಟಿಗೆಯೇ ಕೂಲಿಯಾದಲ್ಲಿ ಹೆಚ್ಚು ಕಡಿದಷ್ಟೂ ಹೆಚ್ಚು ಲಾಭವೆಂಬುದು ಸ್ಪಷ್ಟ. ಮನೆಯವರು ದಿನಗೂಲಿಯನ್ನು ಹಣದಲ್ಲಿ ಕೊಟ್ಟು, ಕಟ್ಟಿಗೆಯ ಲೆಕ್ಕವನ್ನು ಬೇರೆ ಇಟ್ಟರೆ ಈ ದೋಷವು ಅಂದೇ ನಿಲ್ಲುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ಪಟ್ಟಣಾಡಳಿತಗಳು ಅರಣ್ಯ ಇಲಾಖೆಯ ನೆರವಿನಿಂದ ಇಂಥ ಕೆಲವರನ್ನಾದರೂ ಆರಿಸಿ, ಹಗ್ಗ ಹೆಲ್ಮೆಟ್ಟುಗಳನ್ನು ಒದಗಿಸಿ, ಬಳೆಯ ಅಂಚಿನ ಕೊಯ್ತವನ್ನೂ ಬೇರಿನ ಆರೈಕೆಯನ್ನೂ ಕಲಿಸಿ, ಅವರ ಹೆಸರುಗಳನ್ನು ಕಚೇರಿಯ ಫಲಕದಲ್ಲಿ ಬರೆದಿಟ್ಟು, ಮರದ ತೊಂದರೆಯೆಂದು ಬಂದವರನ್ನು ಮೊದಲು ಅವರ ಬಳಿಗೆ ಕಳುಹಿಸುವ ಏರ್ಪಾಡನ್ನು ಮಾಡಬೇಕು.